ಅತ್ತಿ ಓದದೆ ಬಿಟ್ಟ ಪುಟ

ಮೊನ್ನೆ ವಿಜಯಪುರದ ಮಾರುಕಟ್ಟೆಯಲ್ಲಿ ಅಂಗಡಿಯವನು ಒಣದ್ರಾಕ್ಷಿಯ ಹೊಸ ಚೀಲ ಬಿಚ್ಚಿದ. ಗಂಧಕದ ಹೊಗೆಯ ವಾಸನೆ ಮೂಗಿಗೆ ಬಡಿಯಿತು. ತಿಕೋಟಾದಲ್ಲಿ ನಮ್ಮ ಎದುರು ಮನೆಯ ಅತ್ತಿಯ ಸೀರೆಗೆ ಇದೇ ವಾಸನೆ ಇರುತ್ತಿತ್ತು...

ಅತ್ತಿ ಎಂದರೆ ರಕ್ತಸಂಬಂಧವೇನಲ್ಲ. ಹಗಲೆಲ್ಲ ದ್ರಾಕ್ಷಿಗೆ ಗಂಧಕದ ಹೊಗೆ ಕೊಟ್ಟು ಒಣಗಿಸುವ ತಮ್ಮ ಶೆಡ್ಡಿನಲ್ಲಿ ದುಡಿದು, ಸಂಜೆ ಕಟ್ಟೆಯ ಮೇಲೆ ಓಣಿಯ ಹೆಂಗಸರಿಗೆ ಪುರಾಣ ಓದುತ್ತಿದ್ದಳು. ಆ ವರ್ಷ ಅದು ಹರಕೆಯ ಓದು. ಸೊಸೆಗೆ ಹಿಂದೆ ಎರಡು ಸಲ ಬಸಿರು ನಿಂತಿರಲಿಲ್ಲ. ಈಗ ದಿನ ತುಂಬುತ್ತಿತ್ತು. ಒಂದಕ್ಷರವೂ ಬಿಡದೆ ಓದಿ ಮುಗಿಸುತ್ತೇನೆಂದು ಅತ್ತಿ ದೇವರಿಗೆ ಮಾತು ಕೊಟ್ಟಿದ್ದಳು.

ನನಗಾಗ ಹದಿನೇಳು. ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯಿಂದ ತಾನಾಗಿಯೇ ಸೋರಿತು. ಕನ್ನಡಿಯಲ್ಲಿ ಅರ್ಧ ಮುಖ ಸತ್ತಂತಿತ್ತು. ಎಡಗಣ್ಣು ಮುಚ್ಚುತ್ತಲೇ ಇರಲಿಲ್ಲ. "ನರ ಬಾತೈತಿ, ಸಾವಕಾಶ ಸರಿ ಹೋಗ್ತದ" ಎಂದರು ಡಾಕ್ಟರು. ನನ್ನ ಕಿವಿಯಲ್ಲಿ ಮಾತ್ರ ಅತ್ತಿ ಹಿಂದಿನ ವಾರ ಓದಿದ್ದೇ ಮೊಳಗುತ್ತಿತ್ತು: ಚೆಲುವಾದ ಮುಖ ಹಿಂದಿನ ಜನ್ಮದ ಪುಣ್ಯದ ಫಲ. ಹಾಗಾದರೆ ಇದು ಯಾವುದರ ಫಲ?

ಅತ್ತಿ ನೋಡಲು ಬಂದಾಗ ಕೇಳಿಬಿಟ್ಟೆ. "ನಾ ಏನ್ ಪಾಪ ಮಾಡೇನ್ರಿ ಅತ್ತಿ?"

ಅವಳ ಮುಖ ಬಿಳಿಚಿಕೊಂಡಿತು. ಎದ್ದು ಹೋದಳು.

ಮರುದಿನ ಸಂಜೆ ತಾನೇ ಬಂದು, ಕೈಹಿಡಿದು ಕರೆದೊಯ್ದು, ಎಲ್ಲರ ಮುಂದೆ ಪಕ್ಕದಲ್ಲಿ ಕೂರಿಸಿಕೊಂಡಳು. ಅಂದಿನ ಪುಟದಲ್ಲಿ, ಪಾಪ ಮಾಡಿದ ರಾಣಿಯೊಬ್ಬಳು ಸೊಟ್ಟ ಮುಖದವಳಾಗಿ ಹುಟ್ಟುವ ಕಥೆ. ಅತ್ತಿ ಎರಡು ಸಾಲು ಓದಿ ನಿಲ್ಲಿಸಿದಳು.

"ಮೊದಲನೇ ಅಧ್ಯಾಯದಾಗ, ಈ ಮೈ ಕಳಚಿ ಒಗಿಯೋ ಅಂಗಿ, ಅದರ ಚಂದಕ್ಕ ಮರುಳಾಗಬ್ಯಾಡ ಅಂತೈತಿ. ಇಲ್ಲಿ ನೋಡಿದ್ರ ಮುಖ ನೋಡೇ ಪಾಪ-ಪುಣ್ಯ ಅಳೀತೈತಿ. ಎರಡೂ ಹೆಂಗ ಖರೆ ಅಕ್ಕಾವೋ ನನಗ ತಿಳಿಯಂಗಿಲ್ರಿ. ಈ ಹುಡುಗಿ ಮುಂದ ನಾ ಇದನ್ನ ಓದಂಗಿಲ್ಲ."

"ಹರಕಿ ಮುರೀತೈತಿ ಬೇ! ಸೊಸಿ ಹೊಟ್ಟ್ಯಾಗ ಕೂಸೈತಿ!" ಮುದುಕಿಯೊಬ್ಬಳು ಚೀರಿದಳು.

ಅತ್ತಿ ಹಾಳೆ ಮಗುಚಿದಳು. ಮುಂದಿನ ಕಥೆಗೆ ಹೋದಳು. ಒಳಗೆ ಅಡುಗೆ ಮನೆಯಲ್ಲಿ ಸೊಸೆಯ ಬಳೆಯ ಸದ್ದು ಥಟ್ಟನೆ ನಿಂತಿತು...

ಅಲ್ಲಿಂದ ಹೆರಿಗೆಯವರೆಗೆ, ಎದುರು ಮನೆಯ ಬಾಗಿಲು ಕಿರ್ರೆಂದರೂ ಕಿಟಕಿಗೆ ಓಡುತ್ತಿದ್ದೆ. ಕೂಸಿಗೆ ಏನಾದರೂ ಆದರೆ ಅದು ನನ್ನ ಮುಖದಿಂದಲೇ ಎಂದು ನಂಬಿದ್ದೆ.

ಹೆಣ್ಣು ಕೂಸು ಹುಟ್ಟಿತು. ಗಟ್ಟಿ ಅಳು, ಗಟ್ಟಿ ಉಸಿರು. ಆದರೆ ಬಲಗೆನ್ನೆಯ ತುಂಬ ಕೆಂಪು ಮಚ್ಚೆ. ಓಣಿಯಲ್ಲಿ ಗುಸುಗುಸು ಎದ್ದಿತು. ನಾನು ಬಾಗಿಲು ಹಾಕಿಕೊಂಡು ಕೂತೆ. ಅತ್ತಿ ಬಂದು ಬಾಗಿಲು ಬಡಿದಳು. ತೆರೆದರೆ, ಹೆಂಗಸರೆಲ್ಲ ನೋಡುತ್ತಿರುವಂತೆಯೇ ಕೂಸನ್ನು ನನ್ನ ತೋಳಿಗಿಟ್ಟಳು.

"ನಂಗೂ ಅಂಜಿಕಿ ಐತಿ ಬೇ. ಗಟ್ಟ್ಯಾಗಿ ಹಿಡಿ."

ನನ್ನ ಮುಖ ಮುಕ್ಕಾಲು ಪಾಲು ಸರಿಯಾಯಿತು. ಅತ್ತಿ ತೀರಿಕೊಂಡು ಕೆಲವು ವರ್ಷಗಳಾದವು. ಬಬಲೇಶ್ವರದಲ್ಲಿ ಕಾಲೇಜು ಓದುವ ಆ ಮೊಮ್ಮಗಳಿಗೆ ಯಾರೋ ಈ ಹಳೆಯ ಕಥೆ ಹೇಳಿದ್ದರಂತೆ. ಕಳೆದ ವಾರ ಫೋನು ಮಾಡಿದ್ದಳು. ತಾಯಿಯ ತಂಗಿಯಂತೆ ನನ್ನನ್ನು ಮಾವಶಿ ಎಂದೇ ಕರೆಯುತ್ತಾಳೆ.

"ನನ್ನ ಮಚ್ಚಿ ಸಲುವಾಗಿ ಅಜ್ಜಿ ತನ್ನನ್ನ ತಾನ ಬೈಕೊಂಡಿದ್ಳೇನ್ರಿ ಮಾವಶಿ?"

"ಗೊತ್ತಿಲ್ಲ ಬೇ" ಎಂದೆ. ಅತ್ತಿ ಇದ್ದಷ್ಟು ದಿನ ಅದನ್ನು ಕೇಳಲು ನನಗೆ ಧೈರ್ಯ ಬರಲಿಲ್ಲ. ಈಗ ಕೇಳೋಣವೆಂದರೆ...