ಫೋಟೋದಲ್ಲಿದ್ದ ಸೊಂಟ

ಮೊನ್ನೆ ಮಗಳಿಗೊಂದು ಪಾರ್ಸಲ್ ಬಂತು. ಬಿಚ್ಚಿದರೆ ಮೈಬಣ್ಣದ ಒಂದು ಎಲಾಸ್ಟಿಕ್ ಚೀಲ. ಎಂಟು ವರ್ಷದ ಹುಡುಗಿಗೂ ಬಿಗಿಯಾಗುವಷ್ಟಿತ್ತು. ಗೆಳತಿಯ ಮದುವೆಗೆ ಸೀರೆಯೊಳಗೆ ಹಾಕಿಕೊಳ್ಳುವುದಂತೆ, ಹೊಟ್ಟೆ ಕಾಣುವುದಿಲ್ಲವಂತೆ. ಕನ್ನಡಿ ಮುಂದೆ ಉಸಿರು ಬಿಗಿಹಿಡಿದು ಅದನ್ನು ಎಳೆದುಕೊಳ್ಳುತ್ತಿದ್ದವಳನ್ನು ನೋಡುತ್ತಿದ್ದಂತೆ, ಆ ಹೊಸ ರಬ್ಬರಿನ ವಾಸನೆಯ ನಡುವೆ ಎಲ್ಲಿಂದಲೋ ಹರಳೆಣ್ಣೆ, ಸಾಂಬ್ರಾಣಿ ವಾಸನೆ ನನ್ನ ಮೂಗಿಗೆ ಬಡಿಯಿತು... ಬಿಚ್ಚೇ ಅದನ್ನ ಅಂತ ಕಿರುಚಿಬಿಟ್ಟೆ. ಅವಳಿಗೆ ಅರ್ಥವಾಗಲಿಲ್ಲ. ಆಗುವುದಾದರೂ ಹೇಗೆ, ಆಗ ಅವಳು ಎರಡು ತಿಂಗಳ ಕೂಸು.

ಹೊಸೂರಿನಲ್ಲಿ ನಾವು ಬಾಡಿಗೆಗಿದ್ದದ್ದು ಬಾಗಲೂರು ರಸ್ತೆಯ ಒಂದು ಮನೆಯ ಹಿಂಭಾಗದಲ್ಲಿ. ಗಂಡನ ಫ್ಯಾಕ್ಟರಿ ಕೆಲಸಕ್ಕೆಂದು ಮಾಲೂರಿನಿಂದ ಬಂದ ಹೊಸತು. ಮುಂದಿನ ಮನೆಯಲ್ಲಿ ಓನರಮ್ಮ ಮತ್ತು ಅವರ ಮಗಳು. ಮಗಳು ಹತ್ತಿರದ ಶಾಲೆಯೊಂದರಲ್ಲಿ ಲೆಕ್ಕ ಕಲಿಸುತ್ತಿದ್ದಳು, ಬೀದಿಗೆಲ್ಲ ಅವಳು ಟೀಚರ್. ನಾನೂ ಹಾಗೇ ಕರೆಯುತ್ತಿದ್ದೆ. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಮಕ್ಕಳನ್ನು ಬೈಯಬಲ್ಲವಳು. ದಪ್ಪಗಿದ್ದಳು, ಹೌದು. ಚೆನ್ನಾಗಿ ಉಂಡು, ಜೋರಾಗಿ ನಕ್ಕು, ನನ್ನ ಮಗುವನ್ನು ಭುಜದ ಮೇಲೆ ಹಾಕಿಕೊಂಡು ಅಂಗಳವೆಲ್ಲ ತಿರುಗುವ ಹೆಣ್ಣು. ಆದರೆ ಇಪ್ಪತ್ತೇಳಾದರೂ ಮದುವೆಯಾಗಿಲ್ಲ ಎಂದ ಮೇಲೆ ಎಲ್ಲರ ಕಣ್ಣೂ ಅವಳ ತಟ್ಟೆಯ ಮೇಲೆ. ಎರಡನೇ ಮುದ್ದೆಗೆ ಕೈ ಹಾಕಿದರೆ ಓನರಮ್ಮನೇ ಕೆಮ್ಮುತ್ತಿದ್ದರು.

ಕೃಷ್ಣಗಿರಿ ಆಗತಾನೇ ಜಿಲ್ಲೆಯಾಗಿತ್ತು. ಅಲ್ಲಿ ಗುಮಾಸ್ತನಾಗಿದ್ದ ಹುಡುಗನ ಕಡೆಯಿಂದ ಸಂಬಂಧ ಬಂತು, ಫೋಟೋ ಕೇಳಿದರು. ಸ್ಟುಡಿಯೋದವನು ಕಂಪ್ಯೂಟರಿನಲ್ಲಿ ಅವಳ ಸೊಂಟವನ್ನು ಎರಡೂ ಕಡೆಯಿಂದ ಒತ್ತಿ, ಗಲ್ಲವನ್ನೂ ಸವರಿ ಕೊಟ್ಟ. ಆಗ ಅದು ಹೊಸ ಕೈಚಳಕ. ಓನರಮ್ಮ ಬೀದಿಗೆಲ್ಲ ತೋರಿಸಿಕೊಂಡು ಬಂದರು. ಟೀಚರ್ ಮಾತ್ರ ನನ್ನ ಹತ್ತಿರ ಬಂದು, ಇವಳು ಯಾರೋ ನಮ್ಮ ನೆಂಟರವಳೇ ಇರಬೇಕು ಅಂತ ನಕ್ಕಳು. ಫೋಟೋ ಒಪ್ಪಿಗೆಯಾಯಿತು, ಭಾನುವಾರ ಹುಡುಗಿ ನೋಡಲು ಬರುತ್ತೇವೆಂದು ಹೇಳಿಕಳಿಸಿದರು. ಈಗ ಹುಡುಗಿಯನ್ನು ಫೋಟೋಗೆ ಹೊಂದಿಸಬೇಕಿತ್ತು.

ಆ ಕೆಲಸ ನನ್ನ ಪಾಲಿಗೆ ಬಂತು. ಬಾಣಂತನಕ್ಕೆ ಬಂದಿದ್ದ ನನ್ನಮ್ಮ ದಿನಾ ನೀರು ಹಾಕಿದ ಮೇಲೆ ನನ್ನ ಹೊಟ್ಟೆಗೆ ಹಳೆಯ ನೂಲಿನ ಸೀರೆ ಸುತ್ತಿ ಕಟ್ಟುತ್ತಿದ್ದಳು. ಒಂದು ತುದಿಯನ್ನು ಕಿಟಕಿಯ ಸರಳಿಗೆ ಗಂಟು ಹಾಕುವುದು, ಇನ್ನೊಂದನ್ನು ಸೊಂಟಕ್ಕೆ ಒತ್ತಿ ಹಿಡಿದು, ಉಸಿರು ಬಿಟ್ಟು, ಸುತ್ತುತ್ತಾ ಸುತ್ತುತ್ತಾ ಕಿಟಕಿಯ ಹತ್ತಿರ ಬರುವುದು. ಓನರಮ್ಮ ಅದನ್ನು ನೋಡಿದ್ದರು. ಭಾನುವಾರ ಬೆಳಿಗ್ಗೆ ಮಗಳನ್ನು ಕರೆತಂದು, ಇವಳಿಗೂ ಒಂದು ಸಲ ಕಟ್ಟಿಬಿಡಮ್ಮ ಅಂದರು. ಅಮ್ಮ ಮಗುವಿಗೆ ಎಣ್ಣೆ ಹಚ್ಚುತ್ತಿದ್ದಳು, ನಾನೇ ಕಟ್ಟಿದೆ. ನನ್ನದೇ ಸೀರೆ, ಹರಳೆಣ್ಣೆ ಕುಡಿದು ಸಾಂಬ್ರಾಣಿ ಹೊಗೆ ಹೀರಿದ್ದು. ಇನ್ನೂ ಬಿಗಿ, ಇನ್ನೂ ಬಿಗಿ ಅಂತ ಓನರಮ್ಮ. ಉಸಿರು ಕಟ್ಟುತ್ತದೆ ಎಂದು ಟೀಚರ್ ಅಂದದ್ದು ನನಗೆ ಕೇಳಿಸಿತು. ಒಂದು ಗಂಟೆ ತಡ್ಕೊಳೇ ಅಂತ ನಾನೇ ಗಂಟು ಎಳೆದೆ.

ಬಾಣಂತಿ ಶುಭಕಾರ್ಯಕ್ಕೆ ಎದುರು ಬರಬಾರದೆಂದು ನಾನು ನಮ್ಮ ಮನೆಯಲ್ಲೇ ಉಳಿದೆ. ಆಮೇಲೆ ಕೇಳಿದ್ದಿಷ್ಟು: ಹಿರಿಯರಿಗೆಲ್ಲ ಒಬ್ಬೊಬ್ಬರಿಗೇ ಬಗ್ಗಿ ನಮಸ್ಕಾರ ಮಾಡುತ್ತ ಹೋದವಳು ಐದನೆಯವರ ಕಾಲ ಬಳಿ ಹಾಗೇ ಕುಸಿದು ಕೂತಳಂತೆ. ಹುಡುಗನ ಸೋದರತ್ತೆ ಒಳ್ಳೆಯ ಹೆಂಗಸು, ಒಳಕೋಣೆಗೆ ಕರೆದೊಯ್ದು ಗಾಳಿಯಾಡಲೆಂದು ಸೀರೆ ಸಡಿಲಿಸಿದರಂತೆ. ಕೈಗೆ ಸಿಕ್ಕಿದ್ದು ಬಾಣಂತಿಯ ಕಟ್ಟು. ಮೂಗಿಗೆ ಬಡಿದದ್ದು ಬಾಣಂತಿಯ ವಾಸನೆ. ನಾಲ್ಕು ಹೆತ್ತವರಿಗೆ ಇನ್ನೇನು ಹೊಳೆಯುತ್ತದೆ? ಕೇಸರಿಬಾತು ಮುಟ್ಟದೆ ಎಲ್ಲರೂ ಎದ್ದು ಹೋದರು. ಸೊಂಟನೋವಿಗೆ ಕಟ್ಟಿದ್ದು ಅಂತ ಓನರಮ್ಮ ವ್ಯಾನಿನವರೆಗೂ ಹಿಂದೆ ಓಡಿದರು.

ದಪ್ಪ ಮುಚ್ಚಲು ಕಟ್ಟಿದ್ದು ಅಂತ ಒಂದು ಮಾತು ಸಾಕಿತ್ತು. ಆದರೆ ಹಾಗಂದರೆ ಫೋಟೋದ ಮೋಸವೂ ಹೊರಬೀಳುತ್ತದೆ, ಮುಂದೆ ಯಾರೂ ಬರುವುದಿಲ್ಲ ಎಂದು ಓನರಮ್ಮ ನನ್ನ ಬಾಯಿಗೂ ಬೀಗ ಹಾಕಿದರು. ಮಗಳಿಗೆ ಕೂಸಾಗಿದೆ ಅಂತ ಜನ ಅಂದರೂ ಆದೀತು, ಮಗಳು ದಪ್ಪ ಅಂತ ತಮ್ಮ ಬಾಯಲ್ಲಿ ಬರಬಾರದು! ನನ್ನಮ್ಮನೂ, ಬಾಡಿಗೆಗೆ ಇರುವವರು ನಾವು, ಅವರಿವರ ಉಸಾಬರಿ ಬೇಡ ಅಂದಳು. ಅವತ್ತು ಸಂಜೆ ಟೀಚರ್ ಬಂದು ತೊಟ್ಟಿಲ ಪಕ್ಕ ಕೂತಳು.

"ಯಾರಾನ ಕೇಳುದ್ರೆ ನಿಜ ಹೇಳ್ಬುಡಕ್ಕ. ದಪ್ಪ ಅಂತ ಬ್ಯಾಡ ಅನ್ಲಿ, ಅದು ಕೇಳಿ ಕೇಳಿ ಅಭ್ಯಾಸ ಆಗೋಗೈತೆ. ಇದು ಬ್ಯಾರೆ."

ಆಯಿತು ಅಂದೆ.

ಮೂರನೇ ದಿನ ಆ ಸೋದರತ್ತೆ ಒಬ್ಬರೇ ಬಂದರು, ನೇರ ನನ್ನ ಬಾಗಿಲಿಗೆ. ಹುಡುಗನಿಗೆ ಹುಡುಗಿ ಹಿಡಿಸಿದ್ದಾಳೆ, ಒಂದು ಅನುಮಾನ ತೀರಿದರೆ ಸಾಕು ಅಂದರು. ಆ ಬಟ್ಟೆ ಯಾಕೆ ಕಟ್ಟಿದ್ದು, ನಿಮಗೇನಾದರೂ ಗೊತ್ತಾ ಅಂತ ಕೇಳಿದರು. ಓನರಮ್ಮ ತಮ್ಮ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಟೀಚರ್ ನಲ್ಲಿಗೆ ಬಿಂದಿಗೆ ಹಿಡಿದಿದ್ದಳು.

"ಸೊಂಟ್ನೋವು ಅಂತೆ. ನಂಗೊತ್ತಿಲ್ಲ," ಅಂದೆ.

ಆಕೆ ತೊಟ್ಟಿಲು ನೋಡಿದರು, ನನ್ನನ್ನು ನೋಡಿದರು. ಮಗು ಯಾರದಮ್ಮ ಅಂದರು, ಮೆಲ್ಲಗೆ. ನನಗೆ ಮೈಯೆಲ್ಲ ಉರಿದುಹೋಯಿತು. ನಂದು ಕಣ್ರೀ ಅಂತ ಆಸ್ಪತ್ರೆಯ ಚೀಟಿ ತಂದು ಮುಖಕ್ಕೆ ಹಿಡಿದೆ. ನನ್ನ ಮಗುವಿನ ವಿಷಯಕ್ಕೆ ಎಷ್ಟು ಗಂಟಲಿತ್ತು ನನಗೆ! ಅವಳ ವಿಷಯಕ್ಕೆ ಒಂದು ಮಾತು ಹೊರಡಲಿಲ್ಲ. ಟೀಚರ್ ಅರ್ಧ ತುಂಬಿದ ಬಿಂದಿಗೆಯನ್ನೇ ಎತ್ತಿಕೊಂಡು ಒಳಗೆ ಹೋದಳು.

ಸುದ್ದಿ ಗುಮ್ಮಳಾಪುರದಲ್ಲಿದ್ದ ಓನರಮ್ಮನ ನೆಂಟರವರೆಗೂ ಹೋಯಿತು. ಕೂಸನ್ನು ಯಾರಿಗೆ ಕೊಟ್ಟರು, ಎಲ್ಲಿ ಬಿಟ್ಟರು ಅಂತೆಲ್ಲ ಜನ ಮಾತಾಡಿಕೊಂಡರು. ಶಾಲೆಯವರು ಸ್ವಲ್ಪ ದಿನ ಬರಬೇಡಿ ಅಂದರು. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ಮಗು ಅಂಗಳದಲ್ಲಿ ಎಷ್ಟು ಅತ್ತರೂ ಅವಳು ಎತ್ತಿಕೊಳ್ಳುವುದನ್ನು ಬಿಟ್ಟಳು. ಊಟ ಬಿಟ್ಟಳು. ನಿಜಕ್ಕೂ ತೆಳ್ಳಗಾದಳು, ಆ ಹಾಳು ಫೋಟೋದಷ್ಟೇ. ಆಗ ನೋಡಿ, ಎಷ್ಟು ಚೆನ್ನಾಗಿ ಇಳಿದಿದ್ದಾಳೆ ಅಂತ ಹೊಗಳಿದವರೂ ಇದ್ದರು... ಥೂ. ಒಂದು ದಿನ ಧರ್ಮಪುರಿ ಕಡೆಯ ಸೋದರಮಾವನ ಮನೆಗೆ ಹೊರಟುಹೋದಳು. ನನಗೆ ಹೇಳಿ ಹೋಗಲಿಲ್ಲ.

ಹೋದ ವರ್ಷ ಹೊಸೂರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ತಲೆ ನರೆತಿತ್ತು. ಮತ್ತೆ ಮೈ ತುಂಬಿಕೊಂಡಿದ್ದಳು, ಅದನ್ನು ಕಂಡು ನನಗೆ ಅಷ್ಟಾದರೂ ಸಮಾಧಾನವಾಯಿತು. ಮದುವೆಯಾಗಲಿಲ್ಲವಂತೆ, ಮನೆಯಲ್ಲೇ ಟ್ಯೂಷನ್ ಹೇಳುತ್ತಾಳಂತೆ. ಅದೂ ಇದೂ ಮಾತಾಡಿದೆವು. ಅವಳ ಬಸ್ಸು ಬಂದಾಗ ತಡೆಯಲಾರದೆ ಕೈ ಹಿಡಿದುಕೊಂಡೆ. ಅವತ್ತು ನಾನು ಹೇಳಬೇಕಿತ್ತು ಟೀಚರ್ ಅಂದೆ. ಬಿಡಕ್ಕ, ಹಳೇ ಮಾತು ಅನ್ನುತ್ತಾಳೆಂದು ಕಾದೆ. ಇಷ್ಟು ವರ್ಷ ಆ ಒಂದು ಮಾತಿಗೇ ಕಾದಿದ್ದೆನೋ ಏನೋ...

"ಹೂನಕ್ಕ, ಹೇಳ್ಬೇಕಿತ್ತು," ಅಂದಳು. ಕೈ ಬಿಡಿಸಿಕೊಂಡು ಬಸ್ಸು ಹತ್ತಿದಳು.

ವರ್ಷವಾಯಿತು. ಅವಳ ವಿಳಾಸ, ನಂಬರು ಏನನ್ನೂ ಕೇಳಿಕೊಂಡಿರಲಿಲ್ಲ, ಅವಳು ಇನ್ನು ನನಗೆ ಸಿಗುವುದಿಲ್ಲ.