ಉಂಗುರದ ಟಿಕ್

ನಿನ್ನೆ ಅಜ್ಜಂಪುರದ ಮದುವೆಯೊಂದರ ಆರ್ಕೆಸ್ಟ್ರಾದಲ್ಲಿ ಢೋಲಕ್ ಕೇಳಿಸಿತು. ವೇದಿಕೆ ಮೇಲೆ ಢೋಲಕ್ ಇರಲಿಲ್ಲ, ಬರೀ ಕೀಬೋರ್ಡ್. ಆದರೆ ಪ್ರತಿ ಪೆಟ್ಟಿನ ಬೆನ್ನಿಗೂ ಸಣ್ಣದೊಂದು 'ಟಿಕ್'. ಅಪ್ಪ ತೀರಿಹೋಗಿ ಎಷ್ಟೋ ವರ್ಷವಾಯಿತು. ಅವರ ತಾಮ್ರದ ಉಂಗುರ ಢೋಲಕ್ಕಿನ ಅಂಚಿಗೆ ತಾಗುವ ಸದ್ದು ಅದು.

ಅಪ್ಪ ತರೀಕೆರೆಯ ಆರ್ಕೆಸ್ಟ್ರಾದಲ್ಲಿ ಢೋಲಕ್ ನುಡಿಸುತ್ತಿದ್ದರು. ಮೊದಲು ಅರೇಂಜರ್ ಕೀಬೋರ್ಡ್ ಬಂತು. ಗುಂಡಿ ಒತ್ತಿದರೆ ತಾಳ ತಾನಾಗಿ ಓಡುತ್ತಿತ್ತು. "ಊರೂರಿಗೂ ಒಂದೇ ತಾಳ ಕಣೇ, ಅದಕ್ಕೆಲ್ಲೈತೆ ಕೈ?" ಎಂದು ಅಪ್ಪ ನಕ್ಕಿದ್ದರು. ಆಮೇಲೆ ತಂಡದ ಕೀಬೋರ್ಡಿನವನು, ನಾನು ಮಾಮ ಎನ್ನುತ್ತಿದ್ದ ಪುಣ್ಯಾತ್ಮ, ವರ್ಕ್‌ಸ್ಟೇಷನ್ ಎಂಬ ಹೊಸ ಕೀಬೋರ್ಡ್ ತಂದ. ಅದು ಹೊರಗಿನ ವಾದ್ಯದ ಸದ್ದನ್ನೂ ತುಂಬಿಕೊಂಡು, ಬೇಕೆಂದಾಗ ತಾನೇ ನುಡಿಸುತ್ತಿತ್ತು.

ರೆಕಾರ್ಡಿಂಗ್ ಎಂದದ್ದೇ ತಡ, ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನನ್ನನ್ನೂ ಕರೆದೊಯ್ದರು.

"ಯಾವ ಹಾಡಪ್ಪಾ?" ಎಂದರು.

"ಹಾಡು ಬ್ಯಾಡಣ್ಣ, ಒಂದೊಂದೇ ಏಟು ಹೊಡಿ ಸಾಕು," ಎಂದ ಮಾಮ.

ಇಡೀ ಮಧ್ಯಾಹ್ನ ಅಪ್ಪ ತಮ್ಮ ಕೈಯನ್ನು ಒಂದೊಂದೇ ಪೆಟ್ಟಾಗಿ ಬಿಡಿಸಿ ಕೊಟ್ಟರು. ಮುಂದಿನ ಕಾರ್ಯಕ್ರಮದ ದಿನ ಅದೇ ಅಂಗಿ ಹಾಕಿಕೊಂಡು ಬಾಗಿಲಲ್ಲಿ ಕಾದರು. ತಂಡದ ವ್ಯಾನು ನಮ್ಮ ಮನೆ ಮುಂದೆ ನಿಲ್ಲದೆ ಹೋಯಿತು.

ನಿನ್ನೆ ಹಾಡು ಮುಗಿದ ಮೇಲೆ, ಆ ಸದ್ದು ಎಲ್ಲಿಂದ ಬಂತೆಂದು ಕೀಬೋರ್ಡ್ ನುಡಿಸಿದವನನ್ನು ಕೇಳಿದೆ.

"ಯಾರೋ ಪೆನ್‌ಡ್ರೈವಲ್ಲಿ ಕೊಟ್ಟಿದ್ರು ಅಕ್ಕ. ಸೌಂಡ್ ಚೆನ್ನಾಗೈತೆ. ಆ ಟಿಕ್ ಒಂದು ಕ್ಲೀನ್ ಮಾಡ್ಬೇಕು."