ಯಂತ್ರಗಳ ಮಾತಿನಲ್ಲಿ ತಪ್ಪು ಹುಡುಕುವ ತಪ್ಪಕ್ಕ

ಬೆಳಗಿನ ಐದೂವರೆ. ಸಂಶೋಧನಾ ಕೇಂದ್ರದ ಮೂರನೇ ಮಹಡಿಯಲ್ಲಿ ಒಂದೇ ದೀಪ. ಐವತ್ತೆಂಟರ ಮಹಿಳೆಯೊಬ್ಬರು ಶಾಲು ಹೊದ್ದು, ಪರದೆಗೆ ಮೂಗು ತಾಗುವಷ್ಟು ಬಾಗಿ ಕೂತಿದ್ದಾರೆ. ದೊಡ್ಡ ಕಂಪ್ಯೂಟರ್ ಇವರ ಪಾಲಿಗೆ ಎಂಟರವರೆಗೆ ಮಾತ್ರ. ಆಮೇಲೆ ಬೇರೆಯವರ ಸರದಿ.

ಯಂತ್ರಗಳು ಪರಸ್ಪರ ಮಾತಾಡಲು ನಿಯಮಗಳಿವೆ: ಯಾರು ಮೊದಲು ಹೇಳಬೇಕು, ಉತ್ತರ ಬಾರದಿದ್ದರೆ ಎಷ್ಟು ಹೊತ್ತು ಕಾಯಬೇಕು. ಆ ನಿಯಮಗಳನ್ನು ಜಾಲಾಡಿ ಲೋಪ ಹೆಕ್ಕುವ ತಂತ್ರಾಂಶ ಇವರದು. ಶುರುವಿನಲ್ಲಿ ಆರು ಜನರಿದ್ದರು. ಹದಿನಾಲ್ಕು ವರ್ಷಗಳಿಂದ ಇವರೊಬ್ಬರೇ. ದಿನಕ್ಕೆ ನಾಲ್ಕು ಕೋಟಿ ಸಾಧ್ಯತೆಗಳನ್ನು ಅದು ಒಂದೊಂದಾಗಿ ನೋಡುತ್ತದೆ. ಸಹೋದ್ಯೋಗಿಗಳ ಬಾಯಲ್ಲಿ ಇವರು 'ತಪ್ಪಕ್ಕ'.

"ಬಾಗಿಲಲ್ಲಿ ಇಬ್ಬರು 'ನೀವು ಮೊದಲು, ನೀವು ಮೊದಲು' ಅಂತ ನಿಂತ್ರೆ ಕೊನೆಗೆ ಒಬ್ಬರು ನಕ್ಕು ಒಳಗೆ ಹೋಗ್ತಾರೆ. ಯಂತ್ರಕ್ಕೆ ನಗು ಬರಲ್ಲ. ನಿಂತೇ ಇರತ್ತೆ," ಎನ್ನುತ್ತಾರೆ.

ಮನೆಯಲ್ಲಿ ಜೊತೆಗಿರುವ ತಂಗಿಯದು ಬೇರೆ ದೂರು: "ನನ್ನ ಮಾತು ಅರ್ಧ ಕೇಳ್ತಾಳೆ, ಮಿಷಿನ್ ಮಾತು ಪೂರ್ತಿ ಕೇಳ್ತಾಳೆ."

ನಾಲ್ಕು ವರ್ಷಗಳ ಹಿಂದೆ ಕಂಪನಿಯೊಂದು ಆಸ್ಪತ್ರೆ ಉಪಕರಣದ ನಿಯಮಗಳನ್ನು ಪರೀಕ್ಷೆಗೆ ಕಳಿಸಿತು. ರೋಗಿಯ ಪಕ್ಕದ ಯಂತ್ರ ನಾಡಿಮಿಡಿತ ಅಳೆದು ನರ್ಸ್ ಮೇಜಿನ ಯಂತ್ರಕ್ಕೆ ಹೇಳಬೇಕು. ತಂತಿ ಕಣ್ಣು ಮಿಟುಕಿಸುವಷ್ಟು ಹೊತ್ತು ಸಡಿಲಾಗಿ ಮತ್ತೆ ಕೂಡಿಕೊಂಡರೆ, ಎರಡೂ ಒಂದನ್ನೊಂದು ಕಾಯುತ್ತ ಸುಮ್ಮನಾಗುತ್ತಿದ್ದವು. ಮೇಜಿನ ಪರದೆಯಲ್ಲಿ ಮಾತ್ರ ಹಳೆಯ ಅಂಕಿ ಆರಾಮಾಗಿ ನಿಂತಿರುತ್ತಿತ್ತು. ತಪ್ಪಕ್ಕ ಕಾಗದ ಬರೆದರು. 'ಲಕ್ಷಕ್ಕೊಮ್ಮೆಯೂ ಆಗದ ಮಾತು' ಎಂದು ಉತ್ತರ ಬಂತು. ಇನ್ನೂ ಮೂರು ಬರೆದರು. ಅವಕ್ಕೆ ಉತ್ತರವೇ ಇಲ್ಲ.

ಕಳೆದ ವರ್ಷ ಒಂದು ವಾರ್ಡಿನಲ್ಲಿ ಅದು ಆಗಿಯೇ ಹೋಯಿತು. ಹನ್ನೊಂದು ನಿಮಿಷ ಮೇಜಿನ ಪರದೆಯಲ್ಲಿ ಹಳೆಯ ಅಂಕಿಯೇ ಇತ್ತು. ಶಸ್ತ್ರಚಿಕಿತ್ಸೆಯಾಗಿ ಚೇತರಿಸಿಕೊಳ್ಳುತ್ತಿದ್ದ ಬಸ್ ಚಾಲಕ ತೀರಿಕೊಂಡರು. ಬಟ್ಟೆ ಹೊಲಿಯುವ ಅವರ ಹೆಂಡತಿ ತನಿಖಾ ವರದಿ ಓದಿಸಿಕೊಂಡು, ಅದರಲ್ಲಿ ತಪ್ಪಕ್ಕನ ಹೆಸರು ಕೇಳಿ, ಮೂರು ಮಹಡಿ ಹತ್ತಿ ಬಂದರು.

"ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತಮ್ಮ."

"ಮತ್ತೆ?"

ತಪ್ಪಕ್ಕ ನಾಲ್ಕೂ ಕಾಗದಗಳ ಪ್ರತಿ ಮುಂದಿಟ್ಟರು. ಆಕೆ ಮುಟ್ಟಲಿಲ್ಲ. "ಬರೆದ್ರಿ. ಕೂಗಲಿಲ್ಲ," ಎಂದು ಮೆಟ್ಟಿಲಿಳಿದರು.

ಕಂಪನಿ ಹೊಸ ಉಪಕರಣಗಳನ್ನು ತಿದ್ದಿದೆ. ಹಳೆಯವು ಎಷ್ಟೋ ವಾರ್ಡುಗಳಲ್ಲಿ ಹಾಗೇ ಇವೆ. ಹೀಗಾಗಿ ಒಂಬತ್ತು ಗಂಟೆಯಿಂದ ಇವರ ಎರಡನೇ ಕೆಲಸ: ಆಸ್ಪತ್ರೆಗಳಿಗೆ ದಿನಕ್ಕೆ ಹದಿನೈದು ಫೋನು. "ಏನು ಮಾರ್ತೀರಿ?" ಎಂದು ಕೇಳಿ ಇಟ್ಟುಬಿಡುವವರೇ ಹೆಚ್ಚು. ಏಳು ತಿಂಗಳಲ್ಲಿ ಯಂತ್ರ ಬದಲಿಸಿದ್ದು ಮೂರು ವಾರ್ಡು.

ತಿಂಗಳ ಕೊನೆಗೆ ನಿವೃತ್ತಿ. ತಂತ್ರಾಂಶ ವಹಿಸಿಕೊಳ್ಳಲು ಯಾರೂ ಮುಂದೆ ಬಂದಿಲ್ಲ. ಅದನ್ನು ನಿಲ್ಲಿಸಲು ಕೇಂದ್ರ ತೀರ್ಮಾನಿಸಿದೆ. ಆಸೆ ಏನಾದರೂ ಉಂಟೇ ಎಂದರೆ ತಪ್ಪಕ್ಕ ಕನ್ನಡಕ ಒರೆಸಿಕೊಳ್ಳುತ್ತಾರೆ.

"ಆಯಮ್ಮ ಇನ್ನೊಂದ್ಸಲ ಬಂದ್ರೆ, ಎಲ್ಲೆಲ್ಲಿ ಕೂಗಿದೀನಿ ಅಂತ ಪಟ್ಟಿ ತೋರಿಸ್ಬೇಕು. ಕ್ಷಮಿಸ್ಲಿ ಅಂತಲ್ಲ. ಬರಲ್ಲ ಬಿಡಿ, ಗೊತ್ತು."

ಮುಂದಿನ ನಂಬರ್ ಒತ್ತುತ್ತಾರೆ.